ಸೂರ್ಯನನ್ನೇ ಕಾಣದ ಅಡುಗೆಮನೆ

ಒಲೆಯ ಮೇಲಿನ ಕುಕ್ಕರ್ ವಿಸಿಲ್ ಹಾಕುತ್ತಿರುವಾಗ ಅದರೊಳಗೆ ಎಷ್ಟು ಬಿಸಿ ಇರುತ್ತದೆ ಗೊತ್ತೇ? ಸುಮಾರು 120 ಡಿಗ್ರಿ ಸೆಲ್ಸಿಯಸ್. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ. ಕುಕ್ಕರಿನಲ್ಲಿ ಆವಿಗೆ ಹೊರಹೋಗಲು ದಾರಿಯಿಲ್ಲ. ಒತ್ತಡ ಏರುತ್ತದೆ, ಅದರ ಜೊತೆ ಬಿಸಿಯೂ ಏರುತ್ತದೆ. ಗಟ್ಟಿ ಕಡಲೆಯೂ ಮಾಂಸವೂ ಅದರಲ್ಲಿ ಬೇಗ ಬೇಯುವುದು ಇದೇ ಕಾರಣಕ್ಕೆ. ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ, ಚಾಕುಗಳನ್ನು ರೋಗಾಣುಮುಕ್ತಗೊಳಿಸುವ ಯಂತ್ರವೂ ಒಂದು ದೊಡ್ಡ ಕುಕ್ಕರೇ. 121 ಡಿಗ್ರಿ ಬಿಸಿಯಲ್ಲಿ ಕಾಲು ಗಂಟೆ ಇಟ್ಟರೆ ಯಾವ ರೋಗಾಣುವೂ ಉಳಿಯದು ಎಂಬುದು ಅಲ್ಲಿನ ಲೆಕ್ಕ.

ಆಸ್ಪತ್ರೆಯ ಮಟ್ಟಿಗೆ ಆ ಲೆಕ್ಕ ಸರಿಯೇ. ಆದರೆ ಅಲ್ಲಾಹನ ಸೃಷ್ಟಿ ನಮ್ಮ ಲೆಕ್ಕಗಳಿಗಿಂತ ದೊಡ್ಡದು. ಹಿಂದೂ ಮಹಾಸಾಗರದ ನಡುವೆ, ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ ಕೈರೇ ಎಂದು ಕರೆಯಲಾಗುವ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿಂದ ತಂದ ಒಂದು ಸೂಕ್ಷ್ಮಾಣು ಜೀವಿ 122 ಡಿಗ್ರಿ ಬಿಸಿಯಲ್ಲೂ ಬೆಳೆದು ಎರಡಾಗಿ, ನಾಲ್ಕಾಗಿ ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಅದರ ಹೆಸರು ಮೆಥನೊಪೈರಸ್ ಕ್ಯಾಂಡ್ಲೆರಿ. ನಮ್ಮ ಕುಕ್ಕರಿನಲ್ಲಿ ಇಟ್ಟರೆ ಅದಕ್ಕೆ ಹಿತವಾದ ಬೆಚ್ಚನೆಯ ಮನೆ ಸಿಕ್ಕಿದಂತಾದೀತು!

ಇಷ್ಟು ಬಿಸಿಯಲ್ಲಿ ಅದು ಬದುಕುವುದೇ ಒಂದು ಸೋಜಿಗ. ಅದಕ್ಕಿಂತ ದೊಡ್ಡ ಸೋಜಿಗ ಅದರ ಊಟ. ಅಲ್ಲಿ ಬಿಸಿಲಿಲ್ಲ, ಗಿಡವಿಲ್ಲ, ಹುಲ್ಲಿಲ್ಲ. ನಾವು ಪ್ರತಿ ಉಸಿರಿನಲ್ಲೂ ಬೇಡವೆಂದು ಹೊರಗೆ ಬಿಡುವ ಇಂಗಾಲದ ಡೈ ಆಕ್ಸೈಡೇ ಅದರ ಆಹಾರಕ್ಕೆ ಮೂಲವಸ್ತು.

ಬೂದಿಯಿಂದ ಸೌದೆ

ಇದರ ಮಹತ್ವ ಅರಿಯಬೇಕಾದರೆ ನಮ್ಮ ತಟ್ಟೆಯ ಅನ್ನದಿಂದಲೇ ಆರಂಭಿಸಬೇಕು. ಅಕ್ಕಿ, ಗೋಧಿ, ಖರ್ಜೂರ, ಎಣ್ಣೆ, ಮೀನು, ಮಾಂಸ ಎಲ್ಲದರ ಹಂದರ ಇಂಗಾಲದ್ದು. ನಮ್ಮ ಮೈಯ ಮಾಂಸಖಂಡ, ಕೂದಲು, ಉಗುರುಗಳಲ್ಲಿಯೂ ಅದೇ ಇಂಗಾಲವಿದೆ. ಸೌದೆ ಒಲೆಯಲ್ಲಿ ಉರಿದಾಗ ಅದರಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈ ಆಕ್ಸೈಡ್ ಆಗಿ ಹೊರಟು ಹೋಗುತ್ತದೆ. ನಾವು ಉಂಡ ಅನ್ನವೂ ಮೈಯೊಳಗೆ ನಿಧಾನವಾಗಿ ಹೀಗೆಯೇ ಉರಿಯುತ್ತದೆ. ಹಾಗಾಗಿ ಈ ಅನಿಲವನ್ನು ಇಂಗಾಲದ ಬೂದಿ ಎನ್ನಬಹುದು. ಇರಬೇಕಾದ ಶಕ್ತಿಯೆಲ್ಲ ಉರಿದು ಮುಗಿದ ಮೇಲೆ ಉಳಿಯುವ ವಸ್ತು ಅದು.

ಬೂದಿಯನ್ನು ಮತ್ತೆ ಸೌದೆ ಮಾಡಲು ಸಾಧ್ಯವೇ? ಹಸಿರು ಎಲೆಗಳು ದಿನವೂ ಮಾಡುತ್ತಿರುವುದು ಇದನ್ನೇ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹಿಡಿದು, ಬೇರು ತಂದುಕೊಟ್ಟ ನೀರಿನೊಂದಿಗೆ ಬೆರೆಸಿ, ಸಕ್ಕರೆ ಮಾಡುತ್ತವೆ. ಈ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಬಿಸಿಲು ಕೊಡುತ್ತದೆ. ಇದಕ್ಕೆ ದ್ಯುತಿಸಂಶ್ಲೇಷಣೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಹುಲ್ಲನ್ನು ಆಡು ತಿನ್ನುತ್ತದೆ, ಆಡನ್ನು ನಾವು ತಿನ್ನುತ್ತೇವೆ. ಎಲ್ಲ ಜೀವಿಗಳ ಅನ್ನದ ಮೂಲ ಸೂರ್ಯನೇ ಎಂದು ನಮ್ಮ ಮಕ್ಕಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ.

ಬಹುಕಾಲ ವಿಜ್ಞಾನಿಗಳೂ ಹೆಚ್ಚುಕಡಿಮೆ ಹೀಗೆಯೇ ನಂಬಿದ್ದರು. ಇದಕ್ಕೊಂದು ಅಪವಾದ ಮಾತ್ರ ಪುಸ್ತಕದ ಮೂಲೆಯಲ್ಲಿ ಬಿದ್ದಿತ್ತು. ಕೀವ್ ನಗರದಲ್ಲಿ ಹುಟ್ಟಿದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1887ರಲ್ಲಿ ಗಂಧಕದ ನೀರಿನಲ್ಲಿ ಬೆಳೆಯುವ ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಬರೆದಿದ್ದರು. ಕೆಸರು ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟಲ್ಲ? ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ್ದು. ಈ ಬ್ಯಾಕ್ಟೀರಿಯಾ ಆ ಅನಿಲವನ್ನು ಆಮ್ಲಜನಕದೊಂದಿಗೆ ಸೇರಿಸಿ, ಅದರಿಂದ ತನ್ನ ಜೀವನಕ್ಕೆ ಬೇಕಾದ ಶಕ್ತಿಯನ್ನು ಪಡೆಯುತ್ತದೆ ಎಂದು ಅವರು ಕಂಡುಕೊಂಡರು. ಬಿಸಿಲಿನ ಬದಲು ರಾಸಾಯನಿಕಗಳ ಶಕ್ತಿಯಿಂದ ಇಂಗಾಲದ ಡೈ ಆಕ್ಸೈಡನ್ನು ಆಹಾರವಾಗಿ ಮಾಡುವ ಬ್ಯಾಕ್ಟೀರಿಯಾಗಳೂ ಇವೆ ಎಂಬುದು ಅವರ ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇದನ್ನು ರಾಸಾಯನಿಕ ಸಂಶ್ಲೇಷಣೆ ಎನ್ನುತ್ತಾರೆ. ಆದರೆ ಅದು ಕೆಸರಿನ ಮೂಲೆಯ ಒಂದು ಸಣ್ಣ ವಿಚಿತ್ರ ಎಂದೇ ಪಂಡಿತರು ಬಗೆದಿದ್ದರು. ಒಂದು ಇಡೀ ಜೀವಲೋಕವೇ ಅದರ ಮೇಲೆ ನಿಂತಿರಬಹುದೆಂದು ಯಾರೂ ಊಹಿಸಿರಲಿಲ್ಲ.

ಮರುಭೂಮಿಯಲ್ಲಿ ತೋಟ

1977ರ ಫೆಬ್ರವರಿ ತಿಂಗಳು. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ, ಶಾಂತಸಾಗರದ ಗ್ಯಾಲಪಗೋಸ್ ದ್ವೀಪಗಳ ಸಮೀಪ ಅಮೆರಿಕದ ಸಂಶೋಧಕರು ಸಮುದ್ರದ ತಳದ ಬಿರುಕುಗಳನ್ನು ಹುಡುಕುತ್ತಿದ್ದರು. ಭೂಮಿಯ ಒಡಲಿನ ಬಿಸಿ ಅಲ್ಲಿ ನೀರಿನೊಳಗೆ ಹೊರಬರುತ್ತಿರಬೇಕೆಂಬುದು ಅವರ ಊಹೆ. ತಂಡದಲ್ಲಿದ್ದವರು ಮುಖ್ಯವಾಗಿ ಕಲ್ಲು, ಭೂಮಿಗಳ ತಜ್ಞರು. ಜೀವಶಾಸ್ತ್ರಜ್ಞರು ಒಬ್ಬರೂ ಇರಲಿಲ್ಲ. ಬೆಳಕಿಲ್ಲದ, ಮರುಭೂಮಿಯಂತಹ ಆ ಆಳದಲ್ಲಿ ಅವರಿಗೇನು ಕೆಲಸ ಎಂದು ಯಾರಿಗಾದರೂ ಅನಿಸುವುದು ಸಹಜವೇ.

ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಮೂವರು ಸುಮಾರು 2500 ಮೀಟರ್ ಆಳಕ್ಕೆ ಇಳಿದರು. ಆ ಆಳದಲ್ಲಿ ನೀರಿನ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡದ 250 ಪಟ್ಟು. ನೀರು ಮಂಜಿನಂತೆ ತಣ್ಣಗೆ, ಕೇವಲ 2 ಡಿಗ್ರಿ. ಆದರೆ ಒಂದು ಜಾಗದಲ್ಲಿ ಬಂಡೆಯ ಬಿರುಕಿನಿಂದ ಬೆಚ್ಚಗಿನ ನೀರು ಮಿನುಗುತ್ತಾ ಹೊರಬರುತ್ತಿತ್ತು. ದೀಪದ ಬೆಳಕಿನಲ್ಲಿ ಕಂಡ ನೋಟ ಅವರನ್ನು ಬೆರಗುಗೊಳಿಸಿತು. ಅಂಗೈಗಿಂತ ದೊಡ್ಡ ಚಿಪ್ಪು ಮೀನುಗಳು, ಬಿಳಿ ಏಡಿಗಳು, ಕೆಂಪು ತುದಿಯ ಉದ್ದುದ್ದ ಕೊಳವೆ ಹುಳುಗಳು! ಭೂವಿಜ್ಞಾನಿ ಜ್ಯಾಕ್ ಕಾರ್ಲಿಸ್ ಅಲ್ಲಿಂದಲೇ ಮೇಲಿನ ಹಡಗಿನಲ್ಲಿದ್ದ ತಮ್ಮ ವಿದ್ಯಾರ್ಥಿನಿಗೆ ಮಾತನಾಡಿ, ಸಮುದ್ರದ ಆಳ ಮರುಭೂಮಿಯಲ್ಲವೇ, ಇಲ್ಲಿ ಇಷ್ಟೊಂದು ಪ್ರಾಣಿಗಳಿವೆಯಲ್ಲ ಎಂದು ಕೇಳಿದರು.

ಈ ಸಂತೆಗೆ ಊಟ ಎಲ್ಲಿಂದ ಬರುತ್ತಿದೆ? ಉತ್ತರದ ಸುಳಿವು ಕೊಟ್ಟಿದ್ದು ಮೂಗು. ಅಲ್ಲಿಂದ ತಂದ ನೀರಿನ ಬಾಟಲಿಯನ್ನು ಹಡಗಿನಲ್ಲಿ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಹರಡಿತು. ವಿನೊಗ್ರಾಡ್‌ಸ್ಕಿಯವರ ಕೆಸರಿನ ಅದೇ ವಾಸನೆ! ಸಮುದ್ರದ ನೀರು ಬಿರುಕುಗಳಲ್ಲಿ ಇಳಿದು, ಕೆಳಗಿನ ಬಿಸಿ ಬಂಡೆಗಳಲ್ಲಿ ಕಾದು, ಗಂಧಕ ಮತ್ತು ಲೋಹಗಳನ್ನು ಹೊತ್ತು ಮೇಲೆ ಬರುತ್ತದೆ. ಎರಡು ವರ್ಷಗಳ ಬಳಿಕ, 1979ರಲ್ಲಿ, ಮೆಕ್ಸಿಕೋ ಕರಾವಳಿಯಾಚೆ ಇನ್ನೂ ಉಗ್ರವಾದ ಬುಗ್ಗೆಗಳು ಕಾಣಿಸಿದವು. ಅವು ಕಪ್ಪು ಹೊಗೆ ಉಗುಳುವ ಚಿಮಣಿಗಳಂತಿದ್ದವು. ಅವುಗಳ ಬಾಯಿಯ ನೀರು ಸುಮಾರು 350 ಡಿಗ್ರಿ ಬಿಸಿ. ಮೇಲಿನ ನೀರಿನ ಭಾರ ಒತ್ತುತ್ತಿರುವುದರಿಂದ ಅಷ್ಟು ಬಿಸಿಯಲ್ಲೂ ಅದು ಕುದಿದು ಆವಿಯಾಗುವುದಿಲ್ಲ. ನಮ್ಮ ಕುಕ್ಕರಿನದೇ ನಿಯಮ!

ಎದ್ದು ನಿಂತ ವಿದ್ಯಾರ್ಥಿನಿ

ಆ ಕೊಳವೆ ಹುಳು ವಿಜ್ಞಾನಿಗಳಿಗೆ ದೊಡ್ಡ ಒಗಟಾಯಿತು. ಅದರ ಹೆಸರು ರಿಫ್ಟಿಯಾ. ಎರಡು ಮೀಟರಿನಷ್ಟು ಉದ್ದ ಬೆಳೆಯುವ ಆ ಪ್ರಾಣಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ! ತಿನ್ನಲು ಬಾಯಿಯೇ ಇಲ್ಲದ ಜೀವಿ ವರ್ಷಕ್ಕೆ 85 ಸೆಂಟಿಮೀಟರಿನಷ್ಟು ಬೆಳೆಯಬಲ್ಲದೆಂದು ಆಮೇಲೆ ತಿಳಿಯಿತು. ಹಾಗಾದರೆ ಅದನ್ನು ಪೋಷಿಸುವವರು ಯಾರು?

1980ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ತರಗತಿಯಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಹುಳುಗಳ ತಜ್ಞ ಮೆರೆಡಿತ್ ಜೋನ್ಸ್ ಈ ಪ್ರಾಣಿಯ ಬಗ್ಗೆ ಉಪನ್ಯಾಸ ನೀಡುತ್ತಿದ್ದರು. ಹುಳುವಿನ ಮೈಯೊಳಗೆ ಸ್ಪಂಜಿನಂತಹ ಒಂದು ದೊಡ್ಡ ಅಂಗವಿದೆ, ಅದರಲ್ಲಿ ಗಂಧಕದ ಹರಳುಗಳು ಕಂಡುಬಂದಿವೆ ಎಂದು ಅವರು ಹೇಳಿದರು. ಇಷ್ಟು ಕೇಳಿದ್ದೇ ತಡ, ಆಗಷ್ಟೇ ಸಂಶೋಧನಾ ವ್ಯಾಸಂಗಕ್ಕೆ ಸೇರಿದ್ದ ಕೋಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತರು. ಆ ಅಂಗದೊಳಗೆ ಗಂಧಕದಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳಿರಬೇಕು, ಅವೇ ಆಹಾರ ತಯಾರಿಸಿ ಹುಳುವಿಗೆ ಉಣಿಸುತ್ತಿರಬೇಕು ಎಂದರು. ತಜ್ಞರಿಗೆ ಕೂಡಲೇ ನಂಬಿಕೆ ಬರಲಿಲ್ಲ. ಆದರೂ ಅವರು ಪರೀಕ್ಷೆಗಾಗಿ ಆ ಅಂಗದ ತುಣುಕನ್ನು ಆಕೆಗೆ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಬ್ಯಾಕ್ಟೀರಿಯಾಗಳಿಂದ ತುಂಬಿ ತುಳುಕುತ್ತಿತ್ತು. ಒಂದು ಗ್ರಾಂ ತೂಕದಲ್ಲಿ ನೂರಾರು ಕೋಟಿ! 1981ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ಮುಂದೆ ಕ್ಯಾವನಾ ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದರು.

ಹುಳು ಮತ್ತು ಬ್ಯಾಕ್ಟೀರಿಯಾಗಳ ನಡುವಿನ ಏರ್ಪಾಡು ಒಂದು ಒಳ್ಳೆಯ ಸಂಸಾರದಂತಿದೆ. ಹುಳುವಿನ ತುದಿಯ ಕೆಂಪು ಗರಿಗೆ ಆ ಬಣ್ಣ ಬಂದಿರುವುದು ರಕ್ತದಿಂದ. ಅದು ನೀರಿನಿಂದ ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್ ನಮಗೆ ಮಾರಕ ವಿಷ. ಈ ಹುಳುವಿನ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆ ವಿಷವನ್ನು ಆಮ್ಲಜನಕದ ಜೊತೆಯಲ್ಲೇ, ಆದರೆ ಪ್ರತ್ಯೇಕ ಜಾಗದಲ್ಲಿ ಹಿಡಿದು ಒಳಕ್ಕೆ ಸಾಗಿಸುತ್ತದೆ. ಹುಳುವಿಗೂ ಅಪಾಯವಿಲ್ಲ, ಬ್ಯಾಕ್ಟೀರಿಯಾಕ್ಕೂ ಸಾಮಾನು ತಲುಪಿತು. ಹುಳು ಪೇಟೆಗೆ ಹೋಗಿ ಸಾಮಾನು ತರುತ್ತದೆ, ಬ್ಯಾಕ್ಟೀರಿಯಾ ಅಡುಗೆ ಮಾಡುತ್ತದೆ, ಇಬ್ಬರೂ ಉಣ್ಣುತ್ತಾರೆ.

ಇನ್ನೊಂದು ಮಾತು. ಹುಳುವಿನ ಮರಿಗೆ ಈ ಬ್ಯಾಕ್ಟೀರಿಯಾ ತಾಯಿಯಿಂದ ಬರುವುದಿಲ್ಲ. ಸುತ್ತಲಿನ ನೀರಿನಲ್ಲಿರುವ ಬ್ಯಾಕ್ಟೀರಿಯಾ ಅದರ ಚರ್ಮದ ಮೂಲಕ ಒಳಸೇರುತ್ತದೆ ಎಂದು 2006ರಲ್ಲಿ ತಿಳಿದುಬಂತು. ಅಂದರೆ ಪ್ರತಿಯೊಂದು ಮರಿಯೂ ತನ್ನ ಅಡುಗೆಯವರನ್ನು ಹೊಸದಾಗಿ ಪಡೆಯಬೇಕು. ಭೂಮಿಯ ಮೇಲಿನ ಯಾವ ಜೀವಿಯ ಅನ್ನಾಧಾರವನ್ನೂ ಅಲ್ಲಾಹನು ಮರೆತಿಲ್ಲ ಎಂದು ನಾವು ನಂಬುತ್ತೇವೆ. ಬಾಯಿಯಿಲ್ಲದ ಹುಳುವಿಗೂ ಬೆಳಕಿಲ್ಲದ ಕಡೆ ಊಟ ತಲುಪುವ ಈ ಏರ್ಪಾಡನ್ನು ಕಂಡಾಗ ನಾಲಗೆಯಲ್ಲಿ ಸುಬ್‌ಹಾನಲ್ಲಾಹ್ ಎಂಬ ಮಾತು ತಾನಾಗಿ ಬರುತ್ತದೆ.

ಅಡುಗೆ ಒಂದು, ವಿಧಾನ ಏಳು

ಇಂಗಾಲದ ಡೈ ಆಕ್ಸೈಡನ್ನು ಆಹಾರವಾಗಿಸಲು ಗಿಡಮರಗಳು ಅನುಸರಿಸುವ ಮೂಲ ದಾರಿ ಒಂದೇ. ಅದನ್ನು ಬಿಡಿಸಿ ತೋರಿಸಿದ ವಿಜ್ಞಾನಿಯ ಹೆಸರಿನಿಂದ ಅದಕ್ಕೆ ಕ್ಯಾಲ್ವಿನ್ ಚಕ್ರ ಎನ್ನುತ್ತಾರೆ. ಅದರಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹಿಡಿಯುವ ಕೆಲಸ ರೂಬಿಸ್ಕೋ ಎಂಬ ಪ್ರೋಟೀನಿನದು. ಅದು ತುಂಬಾ ನಿಧಾನಿ. ಗಿಡಗಳಲ್ಲಿ ಒಂದು ರೂಬಿಸ್ಕೋ ಸೆಕೆಂಡಿಗೆ ಸುಮಾರು ಮೂರು ಅಣುಗಳನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಎಲೆಗಳಲ್ಲಿ ಅದು ರಾಶಿ ರಾಶಿಯಾಗಿ ಇರಬೇಕಾಗುತ್ತದೆ.

ಆದರೆ ಸೂಕ್ಷ್ಮಾಣು ಜೀವಿಗಳ ಲೋಕದಲ್ಲಿ ಹುಡುಕಿದಾಗ ಬೇರೆ ದಾರಿಗಳೂ ಸಿಕ್ಕಿದವು. ನಮ್ಮ ಮೈಯಲ್ಲಿ ಅನ್ನವನ್ನು ಉರಿಸಿ ಇಂಗಾಲದ ಡೈ ಆಕ್ಸೈಡ್ ಮಾಡುವ ಒಂದು ರಾಸಾಯನಿಕ ಚಕ್ರವಿದೆ. ಅದೇ ಚಕ್ರವನ್ನು ಹಿಂದು ಮುಂದಾಗಿ ತಿರುಗಿಸಿ ಇಂಗಾಲದ ಡೈ ಆಕ್ಸೈಡಿನಿಂದ ಆಹಾರ ಮಾಡುವ ಬ್ಯಾಕ್ಟೀರಿಯಾಗಳಿವೆ ಎಂದು 1966ರಲ್ಲಿ ಗೊತ್ತಾಯಿತು. ರಿಫ್ಟಿಯಾದೊಳಗಿನ ಬ್ಯಾಕ್ಟೀರಿಯಾಕ್ಕಂತೂ ಗಿಡಗಳ ದಾರಿಯೂ ಗೊತ್ತು, ಈ ಹಿಮ್ಮುಖ ದಾರಿಯೂ ಗೊತ್ತು! 2020ರಲ್ಲಿ ಬೆಳಕಿಗೆ ಬಂದದ್ದೂ ಸೇರಿದರೆ ಪ್ರಕೃತಿಯಲ್ಲಿ ಈವರೆಗೆ ತಿಳಿದಿರುವ ದಾರಿಗಳು ಏಳು.

ಆರಂಭದಲ್ಲಿ ಹೇಳಿದ ಮೆಥನೊಪೈರಸ್‌ನ ದಾರಿ ಬಹಳ ಮಿತವ್ಯಯದ್ದು. ಬಿಸಿ ಬಂಡೆ ಮತ್ತು ನೀರು ಸೇರಿದಾಗ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಈ ಜೀವಿ ಇಂಗಾಲದ ಡೈ ಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ ಮೀಥೇನ್ ಮಾಡುತ್ತದೆ. ಆಗ ಸಿಗುವ ಶಕ್ತಿಯಿಂದ ಇನ್ನಷ್ಟು ಇಂಗಾಲದ ಡೈ ಆಕ್ಸೈಡನ್ನು ತನ್ನ ಮೈಯ ಭಾಗವಾಗಿ ಮಾಡಿಕೊಳ್ಳುತ್ತದೆ. ಅದಕ್ಕೆ ಒಲೆಯ ಸೌದೆಯೂ ಪಾತ್ರೆಯ ಅಕ್ಕಿಯೂ ಒಂದೇ ಅನಿಲದಿಂದ ಬಂದಂತೆ! ಆಮ್ಲಜನಕ ಅದಕ್ಕೆ ಬೇಡ, ತಗಲಿದರೆ ವಿಷ. ಭೂಮಿಯ ಮೇಲಿನ ಅತಿ ಪ್ರಾಚೀನ ಜೀವಿಗಳು ಹೆಚ್ಚುಕಡಿಮೆ ಇಂತಹ ದಾರಿಯಲ್ಲೇ ಆಹಾರ ಮಾಡಿಕೊಂಡಿರಬೇಕೆಂದು ಹಲವು ವಿಜ್ಞಾನಿಗಳು ಊಹಿಸುತ್ತಾರೆ.

ಇದೆಲ್ಲ ಎಲ್ಲೋ ಸಮುದ್ರದ ತಳದ ಮಾತು ಎನ್ನಬೇಡಿ. ಹಳ್ಳಿಮನೆಗಳ ಹಿತ್ತಿಲಲ್ಲಿರುವ ಗೋಬರ್ ಗ್ಯಾಸ್ ಗುಂಡಿಯಲ್ಲಿಯೂ ಇದರ ಬಂಧುಗಳಿವೆ. ಸೆಗಣಿ ಕೊಳೆಯುವಾಗ ಬರುವ ಇಂಗಾಲದ ಡೈ ಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ ಮೀಥೇನ್ ಮಾಡುವ ಒಂದು ಪಂಗಡ ಅಲ್ಲಿಯೂ ದುಡಿಯುತ್ತಿದೆ. ಗಾಳಿಯಾಡದಂತೆ ಗುಂಡಿಯನ್ನು ಮುಚ್ಚುವುದು ಗ್ಯಾಸ್ ಸೋರಬಾರದೆಂದು ಮಾತ್ರವಲ್ಲ, ಆಮ್ಲಜನಕ ಒಳಬಂದರೆ ಈ ಕೆಲಸಗಾರರು ಉಳಿಯುವುದಿಲ್ಲ. ಆ ನೀಲಿ ಜ್ವಾಲೆಯಲ್ಲಿ ಚಹಾ ಕಾಯಿಸುವ ಗೃಹಿಣಿಗೂ ಸಾಗರದ ತಳದ ಬುಗ್ಗೆಗೂ ಹೀಗೊಂದು ನಂಟಿದೆ.

ಬಂಡೆಯೊಳಗೆ, ಹಿಮದ ನಾಡಿನಲ್ಲಿ

ಸಮುದ್ರದಲ್ಲಿ ಮಾತ್ರವಲ್ಲ, ನೆಲದಾಳದಲ್ಲಿಯೂ ಇಂತಹ ಅಡುಗೆಮನೆಗಳಿವೆ. ನಮ್ಮ ಕೋಲಾರದ ಗಣಿಯಂತೆಯೇ ಬಹಳ ಆಳವಾದ ಚಿನ್ನದ ಗಣಿಯೊಂದು ದಕ್ಷಿಣ ಆಫ್ರಿಕಾದಲ್ಲಿದೆ, ಹೆಸರು ಎಂಪೊನೆಂಗ್. ಅಲ್ಲಿ 2.8 ಕಿಲೋಮೀಟರ್ ಆಳದ ಬಂಡೆಯ ಬಿರುಕಿನ ನೀರನ್ನು ಪರೀಕ್ಷಿಸಿದಾಗ ಬಹುತೇಕ ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. 2008ರಲ್ಲಿ ಅದರ ವಿವರ ಪ್ರಕಟವಾಯಿತು. ಸುಮಾರು 60 ಡಿಗ್ರಿ ಬಿಸಿಯ ಆ ನೀರಿಗೆ ಹೊರಲೋಕದ ಸಂಪರ್ಕ ತಪ್ಪಿ ಲಕ್ಷಾಂತರ ವರ್ಷಗಳಾಗಿವೆ. ಬಂಡೆಯಲ್ಲಿರುವ ಯುರೇನಿಯಮ್‌ನ ವಿಕಿರಣ ನೀರನ್ನು ಒಡೆಯುವುದರಿಂದ ಹೈಡ್ರೋಜನ್ ಹುಟ್ಟುತ್ತದೆ. ಅದೇ ಆ ಜೀವಿಯ ಶಕ್ತಿಯ ಮೂಲ. ಇಂಗಾಲವನ್ನು ಮಾತ್ರವಲ್ಲ, ಸಾರಜನಕವನ್ನೂ ಸ್ವತಃ ಹಿಡಿದು ತನ್ನ ಮೈ ಕಟ್ಟಿಕೊಳ್ಳುವ ಸಾಮರ್ಥ್ಯ ಅದಕ್ಕಿದೆ. ನೆರೆಹೊರೆಯಿಲ್ಲದ, ಅಂಗಡಿಯಿಲ್ಲದ ಊರಿನಲ್ಲಿ ಒಂಟಿ ಸಂಸಾರ!

ಇನ್ನು ಚಳಿಯ ತುದಿಗೆ ಹೋದರೆ ದಕ್ಷಿಣ ಧ್ರುವದ ಅಂಟಾರ್ಕ್ಟಿಕಾ. ಅಲ್ಲಿ ಹಿಮವಿಲ್ಲದ ಒಣ ಮಣ್ಣಿನ ಜಾಗಗಳಿವೆ. ಗಿಡವಿಲ್ಲ, ಪಾಚಿಯೂ ಅಪರೂಪ. ಆಸ್ಟ್ರೇಲಿಯಾದ ಬೆಲಿಂಡಾ ಫೆರಾರಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಮಣ್ಣಿನ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಅತ್ಯಲ್ಪ ಹೈಡ್ರೋಜನ್ ಮತ್ತು ಕಾರ್ಬನ್ ಮೋನಾಕ್ಸೈಡನ್ನೇ ಬಳಸಿ ಬದುಕುತ್ತವೆ, ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹಿಡಿಯುತ್ತವೆ ಎಂದು 2017ರಲ್ಲಿ ತೋರಿಸಿದರು. ಅಕ್ಷರಶಃ ಗಾಳಿ ತಿಂದು ಬದುಕುವ ಜೀವಿಗಳು!

ಇವು ನಮ್ಮನ್ನು ಪಾರುಮಾಡುವವೇ?

ಈಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿ ಭೂಮಿ ಬಿಸಿಯಾಗುತ್ತಿದೆ, ಮಳೆಗಾಲದ ಲಯ ತಪ್ಪುತ್ತಿದೆ ಎಂದು ದಿನವೂ ಓದುತ್ತೇವೆ. ಅದನ್ನೇ ತಿನ್ನುವ ಇಷ್ಟೊಂದು ಜೀವಿಗಳಿರುವಾಗ ಚಿಂತೆ ಏಕೆ?

ಲೆಕ್ಕ ಹಾಕಿ ನೋಡೋಣ. ಭೂಮಿಯ ಮತ್ತು ಸಾಗರದ ಹಸಿರೆಲ್ಲ ಸೇರಿ ವರ್ಷಕ್ಕೆ ಸುಮಾರು 10,000 ಕೋಟಿ ಟನ್ ಇಂಗಾಲವನ್ನು ತಮ್ಮ ಮೈಯಲ್ಲಿ ಸೇರಿಸಿಕೊಳ್ಳುತ್ತವೆ. ಸಾಗರದ ಕತ್ತಲ ಅಡುಗೆಯವರ ಪಾಲು ಅಂದಾಜಿನಲ್ಲಿ ಇದರ ನೂರರಲ್ಲಿ ಒಂದರಷ್ಟೂ ಇಲ್ಲ. ಹಸಿರು ಹಿಡಿದದ್ದರಲ್ಲಿಯೂ ಬಹುಪಾಲು ತಿಂದು, ಉಸಿರಾಡಿ, ಕೊಳೆತು ಮತ್ತೆ ಗಾಳಿಗೇ ಸೇರುತ್ತದೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೊಂದುವ ಲೆಕ್ಕ ಅದು. ಸೃಷ್ಟಿಯಲ್ಲಿರುವ ಸಮತೋಲನ ಎಂದರೆ ಇದೇ.

ಆ ತಕ್ಕಡಿಯ ಒಂದು ತಟ್ಟೆಗೆ ನಾವು ಹೊಸ ಭಾರ ಹಾಕಿದೆವು. ಕೋಟ್ಯಂತರ ವರ್ಷಗಳಲ್ಲಿ ಭೂಮಿಯೊಳಗೆ ಹೂತುಹೋಗಿದ್ದ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ತೆಗೆದು ಉರಿಸುತ್ತಿದ್ದೇವೆ. ಇದರಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 280 ಇಂಗಾಲದ ಡೈ ಆಕ್ಸೈಡ್ ಅಣುಗಳಿದ್ದವು. 2024ರಲ್ಲಿ ಅದು 420ನ್ನು ದಾಟಿತ್ತು. ಈ ಬೂದಿಯನ್ನು ಸೌದೆ ಮಾಡುವ ಜೀವಿಗಳು ಎಷ್ಟೇ ದುಡಿದರೂ ನಮ್ಮ ವೇಗಕ್ಕೆ ಸಾಟಿಯಾಗಲಾರವು.

ಹಾಗೆಂದು ಅವುಗಳಿಂದ ಕಲಿಯುವುದೇನೂ ಇಲ್ಲವೆಂದಲ್ಲ. 1994ರಲ್ಲಿ ಮೊಲದ ಹಿಕ್ಕೆಯಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾಕ್ಕೆ ಗಣಿಯ ಆ ಒಂಟಿ ಜೀವಿಯ ದಾರಿಯೇ ಗೊತ್ತಿದೆ. ಅದನ್ನು ಬಳಸಿ ಉಕ್ಕಿನ ಕಾರ್ಖಾನೆಯ ತ್ಯಾಜ್ಯ ಅನಿಲದಿಂದ ವಾಹನಗಳಿಗೆ ಬಳಸಬಹುದಾದ ಎಥನಾಲ್ ಇಂಧನ ತಯಾರಿಸುವ ಘಟಕ 2018ರಲ್ಲಿ ಚೀನಾದಲ್ಲಿ ಆರಂಭವಾಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಅದು ನಮ್ಮ ಹೊಗೆಯ ಒಂದು ಹನಿಯನ್ನಷ್ಟೇ ಒರೆಸಬಲ್ಲದು. ನಲ್ಲಿ ತೆರೆದಿಟ್ಟು ನೆಲ ಒರೆಸುತ್ತಾ ಕುಳಿತರೆ ನೆಲ ಒಣಗುವುದುಂಟೇ? ಮೊದಲು ನಲ್ಲಿ ಮುಚ್ಚಬೇಕು.

ಅಗೆಯುವ ಮುನ್ನ ಅರಿಯೋಣ

ಕಳವಳದ ಇನ್ನೊಂದು ಸಂಗತಿಯಿದೆ. ಕೈರೇ ಬುಗ್ಗೆಯ ಬಳಿ 2001ರಲ್ಲಿ ಒಂದು ವಿಚಿತ್ರ ಬಸವನಹುಳು ಸಿಕ್ಕಿತು. ಅದರ ಪಾದಕ್ಕೆ ಕಬ್ಬಿಣದ ಸಲ್ಫೈಡ್ ಲೇಪಿಸಿದ ಹುರುಪೆಗಳ ಕವಚವಿದೆ. ಅದರ ಗಂಟಲಿನ ಒಂದು ಗ್ರಂಥಿಯಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ, ಅದಕ್ಕೆ ಊಟ ಕೊಡುವುದು ಅವೇ. ಹಿಂದೂ ಮಹಾಸಾಗರದ ಕೆಲವೇ ಕೆಲವು ಬುಗ್ಗೆಗಳಲ್ಲಿ ಮಾತ್ರ ಕಂಡುಬಂದಿರುವ ಈ ಜೀವಿಯನ್ನು 2019ರಲ್ಲಿ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು. ಕಾರಣ, ಆಳಸಮುದ್ರದ ಗಣಿಗಾರಿಕೆಯ ಭೀತಿ. ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನ, ಬೆಳ್ಳಿಗಳಿರುವ ಅದಿರು ಗುಡ್ಡೆಗಟ್ಟಿರುತ್ತದೆ. ಅದರ ಮೇಲೆ ಹಲವು ದೇಶಗಳ ಕಣ್ಣಿದೆ. ಭಾರತವೂ ಹಿಂದೂ ಮಹಾಸಾಗರದಲ್ಲಿ ಇಂತಹ ಅದಿರಿನ ಶೋಧನೆಗೆ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ. 2024ರ ಡಿಸೆಂಬರಿನಲ್ಲಿ ಗೋವಾ ಮತ್ತು ಚೆನ್ನೈಯ ನಮ್ಮ ಸಾಗರ ಸಂಶೋಧನಾ ಸಂಸ್ಥೆಗಳು ಸುಮಾರು 4500 ಮೀಟರ್ ಆಳದ ಒಂದು ಜೀವಂತ ಬುಗ್ಗೆಯ ಚಿತ್ರಗಳನ್ನು ಮೊದಲ ಬಾರಿಗೆ ತೆಗೆದವು. ಹೆಮ್ಮೆಯ ಸಾಧನೆಯೇ ಸರಿ. ಆದರೆ ನಾವು ಈಗಷ್ಟೇ ಬಾಗಿಲು ತೆರೆದು ನೋಡಿದ ಮನೆ ಅದು. ಒಳಗೆ ಯಾರಿದ್ದಾರೆಂದು ತಿಳಿಯುವ ಮೊದಲೇ ಗೋಡೆ ಕೆಡವುವುದು ಬುದ್ಧಿವಂತಿಕೆಯಲ್ಲ.

ಕುರ್‌ಆನ್ ಇರುವೆ, ಜೇನ್ನೊಣ, ಜೇಡ, ಸೊಳ್ಳೆಗಳಂತಹ ಕಿರುಜೀವಿಗಳನ್ನೂ ಪ್ರಸ್ತಾಪಿಸಿ ನಮ್ಮನ್ನು ಚಿಂತನೆಗೆ ಕರೆಯುತ್ತದೆ. ಕುರ್‌ಆನ್ ವಿಜ್ಞಾನದ ಪಠ್ಯಪುಸ್ತಕವಲ್ಲ. ಅದರಲ್ಲಿ ಈ ಬ್ಯಾಕ್ಟೀರಿಯಾಗಳ ಹೆಸರು ಹುಡುಕಬೇಕಾಗಿಯೂ ಇಲ್ಲ. ಆದರೆ ನೋಡಿರಿ, ಆಲೋಚಿಸಿರಿ ಎಂಬ ಅದರ ಕರೆಗೆ ಓಗೊಡುವುದು ನಮ್ಮ ಹೊಣೆ. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಹೊಳೆಯ ನೀರಿಗೇ ಈ ನಿಯಮವಿದ್ದರೆ, ಮುಗಿದರೆ ಮತ್ತೆ ಸಿಗದ ಎಣ್ಣೆಗೆ, ಕಲ್ಲಿದ್ದಲಿಗೆ, ವಿದ್ಯುತ್ತಿಗೆ ಇನ್ನೆಂತಹ ನಿಯಮವಿರಬೇಕು? ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು, ಮದುವೆಮನೆಯಲ್ಲಿ ರಾಶಿ ಬೀಳುವ ಬಿರಿಯಾನಿ, ಕಾಲ್ನಡಿಗೆಯ ದೂರಕ್ಕೂ ತೆಗೆಯುವ ಕಾರು, ಇವೆಲ್ಲ ಇಸ್ರಾಫ್ ಅಲ್ಲದೆ ಮತ್ತೇನು?

ಕೊನೆಯದಾಗಿ ತಾಯಂದಿರಲ್ಲಿ ಒಂದು ಮಾತು. ಆ ದೊಡ್ಡ ಒಗಟಿನ ಉತ್ತರ ಹೊಳೆದದ್ದು ತರಗತಿಯಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿಗೆ. ಎದ್ದು ನಿಂತು ಹೇಳುವ ಧೈರ್ಯ ಆಕೆಗಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳೂ ಪ್ರಶ್ನೆ ಕೇಳುತ್ತಾರೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಕುಕ್ಕರ್ ಏಕೆ ಕೂಗುತ್ತದೆ ಎಂದು. ಕೆಲಸದ ಗಡಿಬಿಡಿಯಲ್ಲಿ ಸುಮ್ಮನಿರು ಎಂದು ಗದರಬೇಡಿ. ಒಂದು ನಿಮಿಷ ಒಲೆ ಸಣ್ಣದು ಮಾಡಿ, ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ, ಬಾ ಮಗಳೇ, ಇಬ್ಬರೂ ಸೇರಿ ಹುಡುಕೋಣ ಎನ್ನಿ.